ಬಾನುಲಿ ನಿರೂಪಣೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ರೇಡಿಯೊ ನಿರೂಪಣೆಯನ್ನೇ ಉದ್ಯೋಗ ಮಾಡಿಕೊಳ್ಳಲು ಹೊರಟವರ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಬಿಟ್ಟುಕೊಟ್ಟಿದ್ದೇವೆ. ಉತ್ತರ ಬರೆದವರು ಇಬ್ಬರು: ನೇರ ಪ್ರಸಾರದಲ್ಲಿ ಪಳಗಿದ ನಿರೂಪಕಿ ಒಬ್ಬರು, ಧ್ವನಿ ಎಂಜಿನಿಯರ್ ಒಬ್ಬರು. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ. ಇಬ್ಬರ ಮಾತು ಬೇರೆಯಾದ ಕಡೆ ಅದನ್ನು ಹಾಗೆಯೇ ಉಳಿಸಿದ್ದೇವೆ.

ಪ್ರಶ್ನೆ: ಕೆಲವು ನಿಲಯಗಳಿಗೆ ಡೆಮೊ (ನನ್ನ ನಿರೂಪಣೆಯ ಮಾದರಿ ರೆಕಾರ್ಡಿಂಗ್) ಕಳಿಸಿದೆ. ಹನ್ನೆರಡು ನಿಮಿಷದ್ದು, ನಡುವೆ ಎರಡು ಹಾಡೂ ಇವೆ. ಯಾರಿಂದಲೂ ಉತ್ತರವಿಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಡೆಮೊ ಕೇಳಬೇಕಾದವರ ಮುಂದೆ ಅಂಥ ಫೈಲುಗಳು ಸಾಲುಗಟ್ಟಿ ನಿಂತಿರುತ್ತವೆ. ಹನ್ನೆರಡು ನಿಮಿಷ ಯಾರೂ ಕೂರುವುದಿಲ್ಲ. ಮೊದಲ ಹದಿನೈದಿಪ್ಪತ್ತು ಸೆಕೆಂಡಿನಲ್ಲೇ ಮುಂದೆ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಿಬಿಡುತ್ತಾರೆ. ಎರಡರಿಂದ ಮೂರು ನಿಮಿಷ ಸಾಕು, ಅದರಲ್ಲೂ ನಿಮ್ಮ ಅತ್ಯುತ್ತಮ ತುಣುಕು ಎಲ್ಲಕ್ಕಿಂತ ಮೊದಲು ಬರಲಿ. "ನಮಸ್ಕಾರ, ನಾನು ಇಂಥವನು, ಇದು ನನ್ನ ಡೆಮೊ" ಎಂಬ ಪೀಠಿಕೆ ಬೇಡ. ಹೆಸರು ಪತ್ರದಲ್ಲೂ ಇದೆ, ಫೈಲಿನ ಮೇಲೂ ಇದೆ.

ಹಾಡನ್ನು ಪೂರ್ತಿ ಹಾಕಿದ್ದು ಇನ್ನೊಂದು ತೊಡಕು. ಮುಗಿಯುತ್ತಿರುವ ಹಾಡಿನ ಕೊನೆಯ ಮೂರು ನಾಲ್ಕು ಸೆಕೆಂಡು, ನಿಮ್ಮ ಮಾತು, ಮುಂದಿನ ಹಾಡಿನ ಮೊದಲ ಮೂರು ನಾಲ್ಕು ಸೆಕೆಂಡು, ಅಲ್ಲಿಗೆ ಕತ್ತರಿ. ಹಾಡಿನಿಂದ ಹೇಗೆ ಹೊರಬರುತ್ತೀರಿ, ಇನ್ನೊಂದರೊಳಗೆ ಹೇಗೆ ಹೋಗುತ್ತೀರಿ ಎನ್ನುವುದಷ್ಟೇ ಅವರಿಗೆ ಬೇಕು.

ಏನೇನಿರಬೇಕು ಎಂದರೆ, ಎರಡು ಹಾಡುಗಳ ನಡುವಿನ ಇಪ್ಪತ್ತೈದು ಸೆಕೆಂಡಿನ ಸಾದಾ ಲಿಂಕ್ (ನಿರೂಪಕರ ಮಾತಿನ ತುಣುಕು) ಒಂದು. ಹವಾಮಾನವನ್ನೋ ಸಂಚಾರದ ಸ್ಥಿತಿಯನ್ನೋ ತಿಳಿಸುವುದು ಒಂದು. ಇನ್ನೊಬ್ಬರ ಜೊತೆ ಮಾತನಾಡಿದ ನಲವತ್ತು ಸೆಕೆಂಡು. ಕಡೆಗೆ, ನಿಮ್ಮ ಕಣ್ಣಿಗೆ ಬಿದ್ದ ಯಾವುದೋ ಸಣ್ಣ ಸಂಗತಿಯನ್ನು ನಿಮ್ಮದೇ ರೀತಿಯಲ್ಲಿ ಹೇಳುವ ಲಿಂಕ್ ಒಂದು. ಕೆಲಸ ಕೊಡಿಸುವುದು ಬಹುಪಾಲು ಈ ಕಡೆಯದೇ, ಏಕೆಂದರೆ ಉಳಿದ ಮೂರನ್ನು ಯಾರಿಗಾದರೂ ಕಲಿಸಬಹುದು. ಹೆಸರಾದ ನಿರೂಪಕರ ಅನುಕರಣೆ ಬೇಡ; ಆ ನಿರೂಪಕರು ಈಗಾಗಲೇ ಇದ್ದಾರೆ. ಉದ್ದಕ್ಕೂ ಹಿನ್ನೆಲೆ ಸಂಗೀತ ಹರಿಸುವುದೂ ದನಿಗೆ ಪ್ರತಿಧ್ವನಿ ಸೇರಿಸುವುದೂ ಬೇಡ. ಎರಡೂ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಹುಟ್ಟಿಸುತ್ತವೆ.

ಎಂಪಿ3 ಫೈಲು, 192 ಕಿಲೋಬಿಟ್ ಗುಣಮಟ್ಟ. ಹೆಸರಿನಲ್ಲಿ ನಿಮ್ಮ ಹೆಸರು, ತಿಂಗಳು, ವರ್ಷ ಇರಲಿ. 'ಡೆಮೊ ಫೈನಲ್ ಹೊಸದು 2' ಎಂದು ಕಳಿಸಿದರೆ ಇಳಿಸಿಕೊಂಡವರಿಗೆ ಅದು ಮತ್ತೆ ಸಿಗುವುದಿಲ್ಲ. ಜೊತೆಯ ಪತ್ರ ಏಳೆಂಟು ಸಾಲು ಮೀರದಿರಲಿ. ಆ ನಿಲಯದ ಯಾವ ಕಾರ್ಯಕ್ರಮಕ್ಕೆ, ಯಾವ ವೇಳೆಗೆ ಹೊಂದುತ್ತೀರಿ ಎಂದು ಅದರಲ್ಲಿ ಹೇಳಿ. ಹಾಗೆ ಹೇಳಬೇಕಾದರೆ ಕನಿಷ್ಠ ಒಂದು ವಾರ ಆ ನಿಲಯವನ್ನು ಕೇಳಿರಬೇಕು. ಎಲ್ಲರಿಗೂ ಒಂದೇ ಪತ್ರ ಕಳಿಸಿದ್ದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಬಹುದು. ಆಮೇಲೆ ಸುಮ್ಮನಿದ್ದು, ಮೂರು ನಾಲ್ಕು ತಿಂಗಳ ನಂತರ ಹೊಸ ಡೆಮೊ ಕಳಿಸಿ. ಹಳೆಯದನ್ನೇ ಮತ್ತೆ ಕಳಿಸುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ನನ್ನದು ತೆಳ್ಳಗಿನ ದನಿ. ರೆಕಾರ್ಡ್ ಮಾಡಿ ಕೇಳಿಕೊಂಡರೆ ನನಗೇ ಸಹಿಸಲಾಗುವುದಿಲ್ಲ. ದನಿ ತಗ್ಗಿಸಿ ಮಾತನಾಡಲು ಅಭ್ಯಾಸ ಮಾಡುತ್ತಿದ್ದೇನೆ. ಇದು ಸರಿಯೇ?

ಉತ್ತರ: ಇಂದೇ ನಿಲ್ಲಿಸಿ. ಸಹಜ ಮಟ್ಟಕ್ಕಿಂತ ಕೆಳಗೆ ದನಿ ಒತ್ತಿ ಹಿಡಿದರೆ ವಾಕ್ಯದ ಕೊನೆ ಗೊರಗೊರ ಎನ್ನುತ್ತದೆ, ಅರ್ಧ ಗಂಟೆಗೇ ಗಂಟಲು ದಣಿಯುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಧ್ವನಿತಂತುಗಳ ಮೇಲೆ ಗಂಟು ಏಳುವ ಅಪಾಯವಿದೆ.

ನಿಮ್ಮ ದನಿ ನಿಮಗೆ ಹಿಡಿಸದಿರುವುದಕ್ಕೆ ಕಾರಣ ಸರಳ. ಮಾತನಾಡುವಾಗ ನಿಮ್ಮ ದನಿ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಕಿವಿಗೆ ಮುಟ್ಟುತ್ತದೆ; ಮೂಳೆ ಕೆಳಸ್ತರಗಳನ್ನು (ದನಿಯ ತಗ್ಗಿನ, ದಪ್ಪ ಭಾಗವನ್ನು) ಹೆಚ್ಚಾಗಿ ಒಯ್ಯುತ್ತದೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ, ಹಾಗಾಗಿ ತೆಳ್ಳಗೆ ಕೇಳುತ್ತದೆ. ಉಳಿದವರಿಗೆ ನೀವು ಹುಟ್ಟಿದಾಗಿನಿಂದ ಹೀಗೇ ಕೇಳಿಸುತ್ತಿದ್ದೀರಿ, ಅವರಿಗೇನೂ ಅನ್ನಿಸಿಲ್ಲ. ದಿನಕ್ಕೆ ಐದು ನಿಮಿಷ ರೆಕಾರ್ಡ್ ಮಾಡಿ ಮಾರನೆಯ ದಿನ ಕೇಳಿ. ಕೆಲವು ವಾರಗಳಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ.

ನಿಲಯದವರು ನೋಡುವುದು ದನಿಯ ಆಳವನ್ನಲ್ಲ. ಮಾತು ಸ್ಪಷ್ಟವಾಗಿದೆಯೇ, ವಾಕ್ಯದ ನಡುವೆ ಉಸಿರು ಕಡಿಯುತ್ತದೆಯೇ, ಹೇಳುತ್ತಿರುವುದು ಹೇಳುವವರಿಗೇ ಅರ್ಥವಾಗಿದೆಯೇ? ಕನ್ನಡದಲ್ಲಿ ಕಿವಿಗೆ ಚುಚ್ಚುವ ಜಾಗಗಳು ಗೊತ್ತಿರುವವೇ. ಅಕಾರ ಹಕಾರ ಅದಲುಬದಲು, ಲಕಾರ ಳಕಾರ, ಸ ಶ ಷಗಳ ಕಲಬೆರಕೆ, ಮಹಾಪ್ರಾಣ ಬಿಟ್ಟುಹೋಗುವುದು. ಮಹಾಪ್ರಾಣ ಇಲ್ಲದ ಕಡೆ ಅದನ್ನು ತುರುಕುವುದು ಇನ್ನೂ ಕೆಟ್ಟದ್ದು. ಆಡುಮಾತಿನ ಪ್ರಾದೇಶಿಕ ಲಯವನ್ನು ಮಾತ್ರ ತಿದ್ದಿಕೊಳ್ಳಲು ಹೋಗಬೇಡಿ. ಅದು ದೋಷವಲ್ಲ, ಗುರುತು.

ಅಭ್ಯಾಸಕ್ಕೆ ಒಂದು ಒಳ್ಳೆಯ ಉಪಾಯವಿದೆ. ಲೋಟದಲ್ಲಿ ನೀರು ಹಾಕಿ, ಕುಡಿಯುವ ಕೊಳವೆಯ (ಸ್ಟ್ರಾ) ತುದಿ ಎರಡು ಮೂರು ಸೆಂಟಿಮೀಟರ್ ಮುಳುಗುವಂತೆ ಹಿಡಿದು, 'ಊ' ಎನ್ನುತ್ತ ಗುಳ್ಳೆ ಬರಿಸಿ. ಸ್ವರವನ್ನು ಮೇಲೆ ಕೆಳಗೆ ಜಾರಿಸಿ. ಮೂರರಿಂದ ಐದು ನಿಮಿಷ ಸಾಕು. ಬಾಯಿಯ ಕಡೆಯಿಂದ ಬರುವ ಒತ್ತಡದಿಂದ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳದೆ ಕಂಪಿಸುತ್ತವೆ, ಕೆಲಸಕ್ಕೆ ಮುಂಚೆ ಗಂಟಲು ಸಡಿಲಾಗುತ್ತದೆ. ಗಂಟಲು ಕ್ಯಾಕರಿಸಿ ಸರಿಮಾಡಿಕೊಳ್ಳುವ ಚಟವಿದ್ದರೆ ಬಿಡಿ, ಅದರ ಬದಲು ಒಮ್ಮೆ ನುಂಗಿ. ನೀರನ್ನು ಕಾರ್ಯಕ್ರಮಕ್ಕೆ ಗಂಟೆಗಟ್ಟಲೆ ಮುಂಚಿನಿಂದ ಕುಡಿಯುತ್ತ ಬನ್ನಿ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಮೈಗೆ ಹತ್ತಿದ ಮೇಲೆಯೇ ಅಲ್ಲಿಗೂ ತೇವ ಬರುವುದು. ದನಿ ಒಡೆದಿದ್ದು ಮೂರು ವಾರ ದಾಟಿದರೆ ಮನೆಮದ್ದು ಬಿಟ್ಟು ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ದೊಡ್ಡ ನಿರೂಪಕರು ಬಳಸುವಂಥದ್ದೇ ಮೈಕು ತಂದೆ. ಆದರೂ ರೆಕಾರ್ಡಿಂಗ್ ಬಾವಿಯೊಳಗಿಂದ ಮಾತನಾಡಿದಂತಿದೆ, ಹಿಂದೆ ಸ್ಸ್ ಎಂಬ ಸದ್ದೂ ಇದೆ.

ಉತ್ತರ (ಎಂಜಿನಿಯರ್): ಇವು ಎರಡು ಬೇರೆ ಬೇರೆ ರೋಗ. ಬಾವಿಯ ಸದ್ದು ಕೋಣೆಯದು, ಸ್ಸ್ ಎಂಬುದು ಗೇನಿನದು, ಅಂದರೆ ಮೈಕಿನ ಸಂಕೇತವನ್ನು ಎಷ್ಟು ಏರಿಸುತ್ತೀರಿ ಎಂಬುದರದು.

ಮೊದಲು ಗೇನ್. ಸ್ಟುಡಿಯೊಗಳಲ್ಲಿ ಕಾಣುವ ಎಲೆಕ್ಟ್ರೊ-ವಾಯ್ಸ್ ಆರ್‌ಇ20, ಶೂರ್ ಎಸ್‌ಎಂ7ಬಿ ಮುಂತಾದವು ಡೈನಮಿಕ್ ಮೈಕುಗಳು. ಅವುಗಳಿಂದ ಹೊರಡುವ ಸಂಕೇತ ಬಹಳ ಕ್ಷೀಣ. ಎಸ್‌ಎಂ7ಬಿಗೆ ಮಾತಿನ ಮಟ್ಟ ಸಾಕಷ್ಟು ಬರಬೇಕಾದರೆ ಸುಮಾರು 60 ಡೆಸಿಬೆಲ್ ಗೇನ್ ಬೇಕು. ಪ್ರಸಾರದ ಕನ್ಸೋಲ್ (ಸ್ಟುಡಿಯೊದ ಧ್ವನಿ ನಿಯಂತ್ರಣ ಮೇಜು) ಅಷ್ಟನ್ನು ಸದ್ದಿಲ್ಲದೆ ಕೊಡುತ್ತದೆ. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಸಾಧಾರಣ ಇಂಟರ್‌ಫೇಸಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಮಾತಿನ ಜೊತೆ ಅದರದೇ ಸರ್ಕಿಟ್ಟಿನ ಸುಯ್ಲೂ ಮೇಲೇಳುತ್ತದೆ. ಮೈಕಿಗೂ ಇಂಟರ್‌ಫೇಸಿಗೂ ನಡುವೆ 20ರಿಂದ 25 ಡೆಸಿಬೆಲ್ ಏರಿಸುವ ಇನ್‌ಲೈನ್ ಬೂಸ್ಟರ್ ಹಾಕಿ, ಇಲ್ಲವೇ ಹೆಚ್ಚು ಸಂಕೇತ ಕೊಡುವ ಮೈಕಿಗೆ ಬದಲಿಸಿ. ಅದಕ್ಕೂ ಮುನ್ನ ಖರ್ಚಿಲ್ಲದ ಉಪಾಯ ಮಾಡಿ ನೋಡಿ: ಬಾಯಿ ಮೈಕಿಗೆ ಹತ್ತಿರ ತನ್ನಿ. ತೆರೆದ ಜಾಗದಲ್ಲಿ ಅಂತರ ಅರ್ಧಕ್ಕಿಳಿದರೆ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ.

ಡೈನಮಿಕ್ ಮೈಕಿಗೆ 5ರಿಂದ 10 ಸೆಂಟಿಮೀಟರ್, ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕಿಗೆ 15ರಿಂದ 20. ಬಾಯಿಗೆ ನೇರ ಎದುರು ಬೇಡ, 30 ಡಿಗ್ರಿಯಷ್ಟು ಓರೆಯಿರಲಿ. ಪ, ಫ, ಬ, ಭ ಹೇಳುವಾಗ ಬಾಯಿಂದ ಚಿಮ್ಮುವ ಗಾಳಿ ನೇರ ಬಡಿದರೆ ಧಡ್ ಎನ್ನುತ್ತದೆ. ಓರೆಯಿದ್ದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ದನಿ ಮಾತ್ರ ಮೈಕಿಗೆ ಬರುತ್ತದೆ. ತೀರ ಹತ್ತಿರ ಹೋದರೆ ಕಾರ್ಡಿಯಾಯ್ಡ್ ಮೈಕುಗಳಲ್ಲಿ (ಮುಖ್ಯವಾಗಿ ಎದುರಿನ ಸದ್ದನ್ನೇ ಕೇಳುವಂಥವು) ಕೆಳಸ್ತರ ಊದಿಕೊಳ್ಳುತ್ತದೆ. ತೆಳುದನಿಯವರಿಗೆ ಇದು ವರ. ಆದರೆ ತಲೆ ಆಡಿಸುತ್ತ ಮಾತನಾಡುವವರ ದನಿ ಒಮ್ಮೆ ದಪ್ಪ ಒಮ್ಮೆ ಸಣ್ಣ ಆಗುತ್ತದೆ, ಅದನ್ನು ಆಮೇಲೆ ಸರಿಮಾಡಲಾಗದು. 1968ರಲ್ಲಿ ಬಂದ ಆರ್‌ಇ20ಯ ರಚನೆಯೇ ಈ ಊದುವಿಕೆಯನ್ನು ತಡೆಯುವಂಥದ್ದು. ನಿರೂಪಕರು ಕುರ್ಚಿಯಲ್ಲಿ ಹೇಗೆ ಹೊರಳಾಡಿದರೂ ದನಿ ಹೆಚ್ಚು ಬದಲಾಗದಿರುವುದು ಅದು ಸ್ಟುಡಿಯೊಗಳಲ್ಲಿ ನೆಲೆನಿಂತ ಒಂದು ಕಾರಣ.

ಇನ್ನು ಕೋಣೆ. ಬರಿಗೋಡೆ, ಬರಿನೆಲ, ಗಾಜು ಮೂರೂ ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಹಿಂದೆ ಝಣ್ ಎಂಬ ಬಾಲ ಬಂದರೆ ಆ ಕೋಣೆ ಕೆಲಸಕ್ಕೆ ಬಾರದು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಹಾಕಿ ಕೂರುವುದು ಒಳ್ಳೆಯದು. ಕಾರ್ಡಿಯಾಯ್ಡ್ ಮೈಕು ನಿಮ್ಮನ್ನೂ ನಿಮ್ಮ ಬೆನ್ನ ಹಿಂದಿನದನ್ನೂ ಕೇಳುತ್ತದೆ, ತನ್ನ ಬೆನ್ನ ಹಿಂದಿನದನ್ನು ಕಡಿಮೆ ಕೇಳುತ್ತದೆ. ಎದುರಿಗಿಂತ ನಿಮ್ಮ ಹಿಂದಿನ ಗೋಡೆಗೇ ಮೊದಲು ದಪ್ಪ ರಜಾಯಿ ತೂಗುಹಾಕಬೇಕಾದದ್ದು ಇದೇ ಕಾರಣಕ್ಕೆ. ಮೊಟ್ಟೆಯ ಟ್ರೇ ಅಂಟಿಸುವುದು ಮಾತ್ರ ಬೇಡ. ಬಹಳ ತೆಳುವಾದ್ದರಿಂದ ಮಾತಿನ ಮುಖ್ಯ ಸ್ತರಗಳನ್ನು ಅವು ಹೀರುವುದಿಲ್ಲ, ಬೆಂಕಿಯ ಭಯ ಬೇರೆ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಮಾತಿನ ಶಿಖರಗಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಸೊನ್ನೆ (ಫೈಲು ಹಿಡಿಯಬಲ್ಲ ಗರಿಷ್ಠ ಮಟ್ಟ) ಮುಟ್ಟಿ ಒಡೆದ ಮಾತನ್ನು ರಿಪೇರಿ ಮಾಡುವ ಪ್ರಯತ್ನ ನಡೆಸಬಹುದು, ಅಸಲಿನಂತೆ ಆಗುವುದಿಲ್ಲ. ಆಮೇಲಿನ ಕೆಲಸ ಈ ಕ್ರಮದಲ್ಲಿ: 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ (ಗಂಡುದನಿಯ ಮೂಲ ಕಂಪನವೇ ಸುಮಾರು 85ರಿಂದ ಶುರು, ಹಾಗಾಗಿ ಹೆಚ್ಚೇನೂ ನಷ್ಟವಿಲ್ಲ), 3:1 ಕಂಪ್ರೆಶನ್ (ಜೋರು ಮಾತನ್ನು ತಗ್ಗಿಸಿ ಮಟ್ಟ ಸಮಮಾಡುವುದು), ಮೀಟರ್ ಮೂರರಿಂದ ಆರು ಡೆಸಿಬೆಲ್ ಇಳಿದರೆ ಸಾಕು, ಸ, ಶ, ಚ ಚುಚ್ಚುತ್ತಿದ್ದರೆ 5ರಿಂದ 8 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್. ಸದ್ದು ಅಳಿಸುವ ಸಾಫ್ಟ್‌ವೇರನ್ನು ಹಗುರ ಕೈಯಿಂದ ಬಳಸಿ, ಅತಿಯಾದರೆ ದನಿ ನೀರೊಳಗೆ ಮುಳುಗಿದಂತಾಗುತ್ತದೆ. ಡೆಮೊದ ಒಟ್ಟು ಗಟ್ಟಿತನ (ಅದರ ಅಳತೆ ಎಲ್‌ಯುಎಫ್‌ಎಸ್) ಸ್ಟೀರಿಯೊ ಆದರೆ ಮೈನಸ್ 16 ಎಲ್‌ಯುಎಫ್‌ಎಸ್, ಮೊನೊ ಆದರೆ ಮೈನಸ್ 19 ಇರಲಿ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ತಂದ ಆರ್128 ಶಿಫಾರಸು ಮೈನಸ್ 23 ಎನ್ನುತ್ತದೆ. ಅದು ಪ್ರಸಾರದ ಲೆಕ್ಕ. ಫೋನಿನಲ್ಲಿ ಕೇಳುವ ಡೆಮೊಗೆ ಹಾಕಿದರೆ ಸಣ್ಣಗೆ ಕೇಳುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಮಾತನಾಡಬೇಡಿ. ನಿಮ್ಮದೇ ದನಿ ತಡವಾಗಿ ಕಿವಿಗೆ ಬರುವುದರಿಂದ ನಾಲಿಗೆ ತೊಡರುತ್ತದೆ. ತೊದಲು ಇಲ್ಲದವರನ್ನೂ ಅದು ತೊದಲಿಸಬಲ್ಲದು. ವೈರಿರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು.

ಪ್ರಶ್ನೆ: ಬರೆದುಕೊಂಡು ಓದಿದರೆ ಪಾಠ ಒಪ್ಪಿಸಿದಂತಿರುತ್ತದೆ, ಬರೆಯದೆ ಮಾತನಾಡಿದರೆ ದಾರಿ ತಪ್ಪುತ್ತೇನೆ. ಯಾವುದು ಮೇಲು?

ಉತ್ತರ: ಇಲ್ಲಿ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿದೆ. ಹೊಸಬರು ಪೂರ್ತಿ ಬರೆದುಕೊಳ್ಳಲಿ, ಎಡಿಟ್ ಮಾಡುವವರ ಸಮಯವಾದರೂ ಉಳಿಯುತ್ತದೆ ಎನ್ನುವುದು ಎಂಜಿನಿಯರ್ ವಾದ. ನಿರೂಪಕಿಯ ಸಲಹೆ ಬೇರೆ: ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನೇ ಅಕ್ಷರಶಃ ಬರೆಯಿರಿ, ನಡುವಿನದಕ್ಕೆ ಮೂರು ನಾಲ್ಕು ಪದದ ಗುರುತು ಸಾಕು. ದಾರಿ ತಪ್ಪುವವರೆಲ್ಲ ತಪ್ಪುವುದು ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದ್ದರಿಂದ. ಕೊನೆಯ ವಾಕ್ಯ ಕೈಯಲ್ಲಿದ್ದರೆ ಎಲ್ಲಿಂದ ಬೇಕಾದರೂ ಅಲ್ಲಿಗೆ ಬರಬಹುದು. ಒಂದು ಲಿಂಕಿಗೆ ಒಂದೇ ವಿಚಾರ. ಎರಡನೆಯದು ಹೊಳೆದರೆ ಮುಂದಿನ ಹಾಡಿನ ನಂತರಕ್ಕೆ ಇಟ್ಟುಕೊಳ್ಳಿ.

ಸುದ್ದಿ, ಜಾಹೀರಾತು, ತುರ್ತು ಪ್ರಕಟಣೆ ಈ ಮೂರನ್ನು ಮಾತ್ರ ಪೂರ್ತಿ ಬರೆದೇ ಓದಬೇಕು, ಇದರಲ್ಲಿ ತಕರಾರಿಲ್ಲ.

ಪಾಠ ಒಪ್ಪಿಸಿದಂತಾಗುವುದು ಓದುವುದರಿಂದಲ್ಲ, ಕಣ್ಣಿಗಾಗಿ ಬರೆದದ್ದನ್ನು ಓದುವುದರಿಂದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುಗ ಹಿಂದಿರುಗಿ ನೋಡಬಲ್ಲ. ಕೇಳುಗ ಆ ಕ್ರಿಯಾಪದ ಬರುವತನಕ ಎಲ್ಲವನ್ನೂ ತಲೆಯಲ್ಲಿ ಹೊತ್ತಿರಬೇಕು. ಇದನ್ನು ನೋಡಿ: "ಕಳೆದ ರಾತ್ರಿ ಸುರಿದ ಭಾರಿ ಮಳೆಯಿಂದಾಗಿ ಬುಡಮೇಲಾಗಿ ರಸ್ತೆಗೆ ಅಡ್ಡಲಾಗಿ ಬಿದ್ದಿರುವ ಮರವನ್ನು ತೆರವುಗೊಳಿಸುವ ಕಾರ್ಯ ಪ್ರಗತಿಯಲ್ಲಿರುವುದರಿಂದ ಸೇತುವೆ ಮಾರ್ಗದಲ್ಲಿ ವಾಹನ ಸಂಚಾರವನ್ನು ಬೆಳಿಗ್ಗೆ 11ರವರೆಗೆ ಸ್ಥಗಿತಗೊಳಿಸಲಾಗಿದೆ." ವ್ಯಾಕರಣ ಸರಿ, ಆದರೆ ಗಾಡಿ ಓಡಿಸುತ್ತಿರುವವರಿಗೆ ಬೇಕಾದ ಮಾತು ಕಟ್ಟಕಡೆಗಿದೆ. ಬಾಯಿಮಾತಿಗೆ ತಂದರೆ ಹೀಗೆ: "ಸೇತುವೆ ದಾರಿ ಬಂದ್. ಹನ್ನೊಂದು ಗಂಟೆವರೆಗೂ ಆ ಕಡೆ ಹೋಗಬೇಡಿ. ರಾತ್ರಿ ಮಳೆಗೆ ದೊಡ್ಡ ಮರ ಅಡ್ಡ ಬಿದ್ದಿದೆ, ಈಗ ಕಡೀತಿದಾರೆ."

'ಕೇಳುಗ ಬಾಂಧವರೇ', 'ನೀವೆಲ್ಲರೂ' ಎಂದು ಸಭೆಯನ್ನು ಕರೆಯುವುದು ಬೇಡ. ಕೇಳುತ್ತಿರುವವರು ಸಾವಿರಾರು ಮಂದಿ ಇದ್ದರೂ ಬಹುತೇಕರು ಒಬ್ಬೊಬ್ಬರೇ ಇರುತ್ತಾರೆ. 'ನೀವು' ಸಾಕು. ಸಂಖ್ಯೆಗಳನ್ನು ದುಂಡಾಗಿಸಿ: 4,87,300 ಎಂಬುದು ಕಿವಿಗೆ 'ಐದು ಲಕ್ಷದ ಹತ್ತಿರ'.

ವೇಗದ ಲೆಕ್ಕಕ್ಕೆ ಇಂಗ್ಲಿಷ್ ಕೈಪಿಡಿಗಳು ನಿಮಿಷಕ್ಕೆ 150ರಿಂದ 160 ಪದ ಎನ್ನುತ್ತವೆ. ಅದನ್ನು ಕನ್ನಡಕ್ಕೆ ಹಚ್ಚಬೇಡಿ. ನಮ್ಮ ಪದಗಳಿಗೆ ಪ್ರತ್ಯಯಗಳೆಲ್ಲ ಅಂಟಿಕೊಂಡು ಉದ್ದವಾಗಿರುವುದರಿಂದ ಅಷ್ಟು ಪದ ತುಂಬಿದರೆ ಓಟವಾಗುತ್ತದೆ. ನಿಮ್ಮ ಸಹಜ ವೇಗದಲ್ಲಿ ಒಂದು ನಿಮಿಷ ಓದಿ ಎಷ್ಟು ಸಾಲಾಯಿತು ಎಂದು ಎಣಿಸಿ, ಅದೇ ನಿಮ್ಮ ಅಳತೆ. ಹಾಳೆಯಲ್ಲಿ ಉಸಿರಿನ ಜಾಗಕ್ಕೆ ಓರೆಗೆರೆ, ಒತ್ತು ಕೊಡುವ ಪದಕ್ಕೆ ಅಡಿಗೆರೆ; ಒಂದು ವಾಕ್ಯದಲ್ಲಿ ಒಂದಕ್ಕಿಂತ ಹೆಚ್ಚು ಅಡಿಗೆರೆ ಬಿದ್ದರೆ ವಾಕ್ಯವನ್ನೇ ಒಡೆಯಬೇಕು. ವಾಕ್ಯ ಪುಟದ ಆಚೆಗೆ ಹರಿಯಕೂಡದು. ಹಾಳೆಗಳಿಗೆ ಪಿನ್ ಹೊಡೆಯಬೇಡಿ, ಮಗುಚುವ ಸದ್ದು ಮೈಕಿಗೆ ಚೆನ್ನಾಗಿಯೇ ಕೇಳುತ್ತದೆ. ಬಿಡಿಹಾಳೆಗಳನ್ನು ಪಕ್ಕಕ್ಕೆ ಸರಿಸಿ.

ಪ್ರಶ್ನೆ: ಕಾಲೇಜಿನ ರೇಡಿಯೊದಲ್ಲಿ ಕಾರ್ಯಕ್ರಮ ಮಾಡುತ್ತೇನೆ. ನಾನು ಮಾತು ಮುಗಿಸುವುದರೊಳಗೆ ಗಾಯಕರು ಹಾಡಲು ಶುರುಮಾಡಿರುತ್ತಾರೆ. ಗಂಟೆಯ ಸುದ್ದಿಗೂ ಸಮಯಕ್ಕೆ ಸರಿಯಾಗಿ ಮುಟ್ಟಲಾಗುತ್ತಿಲ್ಲ.

ಉತ್ತರ: ಈ ಪ್ರಶ್ನೆ ಬಂದದ್ದು ಸಂತೋಷ. ಎಲ್ಲರೂ ದನಿಯ ಬಗ್ಗೆ ಕೇಳುತ್ತಾರೆ; ನಿರೂಪಕರನ್ನು ನಿರೂಪಕರಾಗಿ ಉಳಿಸುವುದು ಗಡಿಯಾರ.

ಪ್ರತಿ ಹಾಡಿಗೂ ವಾದ್ಯದ ಮುನ್ನುಡಿ ಎಷ್ಟು ಸೆಕೆಂಡು ಎಂದು ಬರೆದಿಟ್ಟುಕೊಳ್ಳಬೇಕು. ನಿಲಯಗಳ ಸಾಫ್ಟ್‌ವೇರ್ ಅದನ್ನು ಪರದೆಯಲ್ಲಿ ಹಿಂದಕ್ಕೆ ಎಣಿಸಿ ತೋರಿಸುತ್ತದೆ. ಅದಿಲ್ಲದಿದ್ದರೆ ಸ್ಟಾಪ್‌ವಾಚ್ ಹಿಡಿದು ನೀವೇ ಪಟ್ಟಿ ಮಾಡಿ. ಮುನ್ನುಡಿ 18 ಸೆಕೆಂಡಿದ್ದರೆ ನಿಮ್ಮ ಮಾತು 16ಕ್ಕೆ ಮುಗಿಯಲಿ. ಉಳಿದ ಎರಡು ಸೆಕೆಂಡಿನ ವಾದ್ಯ ಕೇಳುಗರಿಗೆ ಹಾಡಿನೊಳಗೆ ಹೋಗಲು ಬಾಗಿಲು. ಮಾತು ಹೆಚ್ಚಿದ್ದರೆ ಹಾಡು ಶುರುಮಾಡುವ ಮೊದಲೇ ಅಷ್ಟನ್ನು ಆಡಿಬಿಡಿ: 30 ಸೆಕೆಂಡಿನ ಲಿಂಕಾದರೆ ಮೊದಲ 14 ಸೆಕೆಂಡು ಬರಿಮಾತು ಅಥವಾ ಹಿನ್ನೆಲೆ ಸಂಗೀತದ ಮೇಲೆ, ಆಮೇಲೆ ಹಾಡು ಒತ್ತಿ ಉಳಿದ 16. ಹಾಡನ್ನು ಒತ್ತುವ ಜಾಗಕ್ಕೆ ಹಾಳೆಯಲ್ಲಿ ಗುರುತಿರಲಿ.

ಸುದ್ದಿಗೆ ಮುಟ್ಟಲು ಹಿಂದಿನಿಂದ ಎಣಿಸಬೇಕು. ಸುದ್ದಿ ಸರಿಯಾಗಿ 10:00:00ಕ್ಕೆ ಎನ್ನಿ. ಈಗ 9:48:00, ಅಂದರೆ ಕೈಯಲ್ಲಿ 12 ನಿಮಿಷ. ಬಾಕಿ ಇರುವುದು 4:10 ಮತ್ತು 3:35ರ ಎರಡು ಹಾಡು, 1:30ರ ಜಾಹೀರಾತು, ಸುದ್ದಿಗೆ ಮುಂಚಿನ 10 ಸೆಕೆಂಡಿನ ಜಿಂಗಲ್. ಕೂಡಿಸಿದರೆ 9:25. ಉಳಿದದ್ದು 2:35. ಅದನ್ನು ಮೂರು ಲಿಂಕಿಗೆ ಹಂಚಿದರೆ 50, 50, 55 ಸೆಕೆಂಡು. ಒಂದು ನಿಮಿಷ ಮಾತು ಹೆಚ್ಚಿತೋ, ಕೊನೆಯ ಹಾಡನ್ನು ನಡುವೆ ಕತ್ತರಿಸಬೇಕಾಗುತ್ತದೆ. 3:35ರ ಆ ಹಾಡಿನ ಬದಲು 2:35ರ ಹಾಡು ಹಾಕಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಹಾಗಾಗಿ ಗಂಟೆಯ ಕೊನೆಯ ಹಾಡನ್ನು ಮುಂಚೆಯೇ ನಿಗದಿ ಮಾಡಿಬಿಡಬೇಡಿ, ಬೇರೆ ಬೇರೆ ಉದ್ದದ ಎರಡು ಮೂರು ಸಿದ್ಧವಿರಲಿ. ಹಾಡಿಲ್ಲದ ಬರಿ ವಾದ್ಯದ ತುಣುಕೊಂದು ಕೈಗೆಟುಕುವಂತಿರಲಿ. ಅದನ್ನು 10:00ಕ್ಕೆ ಸರಿಯಾಗಿ ಮುಗಿಯುವಂತೆ ಮೊದಲೇ ಸದ್ದಿಲ್ಲದೆ ಓಡಿಸಿಟ್ಟು, ನಿಮ್ಮ ಮಾತು ಮುಗಿದೊಡನೆ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಏರಿಸಿದರೆ ಎಲ್ಲವೂ ಯೋಜಿಸಿದಂತೆಯೇ ಕೇಳುತ್ತದೆ. ಕೊರತೆ ತುಂಬಲು ಅವಸರದ ಮಾತು, ಹೆಚ್ಚಳ ತುಂಬಲು ಎಳೆದ ಮಾತು, ಎರಡನ್ನೂ ಕೇಳುಗರು ಕೂಡಲೇ ಹಿಡಿಯುತ್ತಾರೆ.

ಪ್ರಶ್ನೆ: ನೇರ ಪ್ರಸಾರದಲ್ಲಿ ಏನಾದರೂ ಕೆಟ್ಟರೆ?

ಉತ್ತರ: ಕೆಡುತ್ತದೆ. ಮೊದಲೇ ಗೊತ್ತಿರಬೇಕಾದ ಕೆಲವು ಮಾತ್ರ ಹೇಳುತ್ತೇವೆ.

ಕರೆ ಮಾಡಿದವರು ತಮ್ಮ ರೇಡಿಯೊ ಜೋರಾಗಿ ಇಟ್ಟುಕೊಂಡೇ ಮಾತಿಗೆ ಬರುತ್ತಾರೆ. ಅವರದೇ ದನಿ ತಡವಾಗಿ ಕೇಳಿ ಗೊಂದಲಗೊಂಡು ಸುಮ್ಮನಾಗುತ್ತಾರೆ. ಪ್ರಸಾರಕ್ಕೆ ತರುವ ಮುನ್ನವೇ ರೇಡಿಯೊ ಆರಿಸಲು ಹೇಳಿ. ಬೈಗುಳ ಬಂದರೆ ಹಲವು ನಿಲಯಗಳಲ್ಲಿ ಏಳೆಂಟು ಸೆಕೆಂಡಿನ ವಿಳಂಬ ಯಂತ್ರವಿರುತ್ತದೆ, ಗುಂಡಿ ಒತ್ತಿದರೆ ಆ ತುಣುಕು ಹೊರಗೆ ಹೋಗುವುದಿಲ್ಲ. ಗುಂಡಿ ಎಲ್ಲಿದೆ ಎಂದು ಕೆಲಸಕ್ಕೆ ಸೇರಿದ ದಿನವೇ ನೋಡಿಕೊಳ್ಳಿ.

ಸ್ಟುಡಿಯೊದಲ್ಲಿ ಮೈಕಿನ ಫೇಡರ್ ಏರಿಸಿದೊಡನೆ ಸ್ಪೀಕರುಗಳು ತಾವಾಗಿ ಮೌನವಾಗುತ್ತವೆ, ಇಲ್ಲವಾದರೆ ಸದ್ದು ಸುತ್ತು ಹೊಡೆದು ಕೂಗುತ್ತದೆ. ಇದು ನಿಮಗೊಂದು ಸುಳಿವೂ ಹೌದು: ಹಾಡು ನಡೆಯುತ್ತಿದ್ದು ಸ್ಪೀಕರ್ ಮೌನವಾಗಿದ್ದರೆ ಮೊದಲು ಮೈಕು ತೆರೆದಿದೆಯೇ ನೋಡಿ, ಆಮೇಲೆ ಬೇರೆ ಮಾತು. ಮೈಕು ತೆರೆದಿದೆ ಎಂದು ತೋರಿಸುವ ಕೆಂಪು ದೀಪ ಆರಿದ್ದರೂ ಮೈಕಿನ ಮುಂದೆ ಪ್ರಸಾರ ಮಾಡಲಾಗದ ಮಾತು ಆಡುವುದು ಬೇಡ.

ಪರದೆ ಸ್ಥಗಿತಗೊಂಡು ಹಾಡು ನಿಂತರೆ ಮೈಕು ತೆರೆದು ಮಾತನಾಡಿ. ಒಂದೆರಡು ಸೆಕೆಂಡಿನ ಮೌನ ಯಾರಿಗೂ ತಿಳಿಯದು. ಹತ್ತು ಸೆಕೆಂಡಾದರೆ ಕೇಳುಗರು ನಿಲಯ ಬದಲಿಸುತ್ತಾರೆ. ಮುಖ್ಯ ಕಂಪ್ಯೂಟರಿಗೆ ಸಂಬಂಧವಿಲ್ಲದ ಬೇರೆ ಸಾಧನದಲ್ಲಿ ತುರ್ತು ಹಾಡೊಂದು ಇರಬೇಕು. ಹೆಸರು ತಪ್ಪಾಗಿ ಹೇಳಿದರೆ ಒಮ್ಮೆ ತಿದ್ದಿ ಮುಂದೆ ಹೋಗಿ. ಐದು ಸಲ ಕ್ಷಮೆ ಕೇಳುವುದು ತಪ್ಪಿಗಿಂತ ಹೆಚ್ಚು ಕಿವಿಗೆ ಹೊಡೆಯುತ್ತದೆ.

ಪ್ರಶ್ನೆ: ಸಂದರ್ಶನ ಮಾಡುವಾಗ ಅತಿಥಿಗಳು 'ಹೌದು', 'ಇಲ್ಲ' ಎಂದಷ್ಟೇ ಹೇಳಿ ನಿಲ್ಲಿಸುತ್ತಾರೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಸೇರಿಕೊಂಡಿರುತ್ತದೆ. "ತುಂಬ ಕಷ್ಟವಾಯಿತಲ್ಲವೇ?" ಎಂದರೆ ಹೌದು ಎನ್ನದೆ ಇನ್ನೇನು ಅನ್ನುತ್ತಾರೆ? "ಆಮೇಲೆ ಏನು ಮಾಡಿದಿರಿ?" ಎಂದು ಕೇಳಿ, ಸುಮ್ಮನಿರಿ. ಒಮ್ಮೆಗೆ ಒಂದೇ ಪ್ರಶ್ನೆ. ಎರಡು ಕೇಳಿದರೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ಏಳು ನಿಮಿಷದ ಸಂದರ್ಶನಕ್ಕೆ ನಾಲ್ಕು ಪ್ರಶ್ನೆ ಸಾಕು, ಉಳಿದವು ಅವರ ಉತ್ತರದಿಂದಲೇ ಹುಟ್ಟಬೇಕು. 'ಹೂಂ', 'ಹೌದಾ' ಎನ್ನುತ್ತ ಕೇಳುವುದು ನಮ್ಮ ಮಾತಿನ ಮರ್ಯಾದೆ ನಿಜ, ಆದರೆ ರೆಕಾರ್ಡಿಂಗಿನಲ್ಲಿ ಅವು ಅತಿಥಿಯ ಮಾತಿನ ಮೇಲೆ ಕೂತು ಎಡಿಟ್ ಮಾಡಲು ಬಿಡುವುದಿಲ್ಲ. ತಲೆಯಾಡಿಸಿ. ನಡುವೆ ಒಂದೆರಡು ಸಲ ಅತಿಥಿಯ ಹೆಸರು ಹೇಳಿ, ಅರ್ಧದಲ್ಲಿ ರೇಡಿಯೊ ಹಚ್ಚಿದವರು ಸದಾ ಇರುತ್ತಾರೆ. ಆ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅವರನ್ನೇ ಮೊದಲು ಕೇಳಿಕೊಂಡಿರಬೇಕು.

ಪ್ರಶ್ನೆ: ನಿರೂಪಣೆಯ ಕೋರ್ಸ್ ಮಾಡಲೇಬೇಕೇ? ವಯಸ್ಸು ಮೂವತ್ತೈದು ದಾಟಿದೆ.

ಉತ್ತರ: ವಯಸ್ಸು ಕೇಳಿಸುವುದಿಲ್ಲ. ಕೋರ್ಸ್ ಕಡ್ಡಾಯವೂ ಅಲ್ಲ. ಸೇರುವುದಾದರೆ ಹಣ ಕಟ್ಟುವ ಮೊದಲು ಮೂರು ಸಂಗತಿ ವಿಚಾರಿಸಿ: ಒಬ್ಬ ವಿದ್ಯಾರ್ಥಿಗೆ ಕನ್ಸೋಲಿನ ಮುಂದೆ ಎಷ್ಟು ಗಂಟೆ ಸಿಗುತ್ತದೆ, ನಿಜವಾದ ಪ್ರಸಾರಕ್ಕೆ ಅವಕಾಶವಿದೆಯೇ, ರೆಕಾರ್ಡಿಂಗನ್ನು ಜೊತೆಯಲ್ಲಿ ಕೂತು ಕೇಳಿ ತಿದ್ದುವವರು ಯಾರು. ಪ್ರಮಾಣಪತ್ರದ ಬಗ್ಗೆಯೇ ಹೆಚ್ಚು ಮಾತನಾಡಿದರೆ ಎದ್ದು ಬನ್ನಿ.

ಸಮುದಾಯ ಬಾನುಲಿಯಲ್ಲಿ ವಾರಕ್ಕೊಂದು ಗಂಟೆ ಸಿಕ್ಕರೂ ಅದು ಹೆಚ್ಚಿನ ಕೋರ್ಸುಗಳಿಗಿಂತ ಮೇಲು. ಇನ್ನೊಂದು ದಾರಿ ಪಕ್ಕದ ಬಾಗಿಲಿನದು: ಕಾರ್ಯಕ್ರಮದ ಸಹಾಯಕರಾಗಿ, ಕರೆಗಳನ್ನು ಸ್ವೀಕರಿಸುವವರಾಗಿ, ಸ್ಕ್ರಿಪ್ಟ್ ಬರೆಯುವವರಾಗಿ, ರಾತ್ರಿಪಾಳಿಯಲ್ಲಿ ಕನ್ಸೋಲ್ ನೋಡಿಕೊಳ್ಳುವವರಾಗಿ ಒಳಗೆ ಬರುವುದು. ನಿರೂಪಕರಿಗೆ ಇದ್ದಕ್ಕಿದ್ದಂತೆ ಜ್ವರ ಬಂದ ದಿನ ನಿಲಯದವರು ಹುಡುಕುವುದು ಕಟ್ಟಡದೊಳಗೆ ಇರುವವರನ್ನೇ. ಕನ್ಸೋಲ್ ಓಡಿಸಬಲ್ಲವರಾದರೆ ಆ ದಿನ ನಿಮ್ಮದು.

ಪ್ರಶ್ನೆ: ಕಂಪ್ಯೂಟರ್ ದನಿಗಳೇ ಕಾರ್ಯಕ್ರಮ ನಡೆಸುವ ಕಾಲದಲ್ಲಿ ಈ ಉದ್ಯೋಗಕ್ಕೆ ಬರುವುದು ಜಾಣತನವೇ?

ಉತ್ತರ: ಯಂತ್ರದ ದನಿ ಬರುವ ಎಷ್ಟೋ ಮೊದಲೇ ವಾಯ್ಸ್ ಟ್ರ್ಯಾಕಿಂಗ್ ಬಂದಿದೆ. ನಿರೂಪಕರು ಲಿಂಕುಗಳನ್ನಷ್ಟೇ ಮುಂಚಿತವಾಗಿ ರೆಕಾರ್ಡ್ ಮಾಡುತ್ತಾರೆ, ಹಾಡುಗಳ ನಡುವೆ ಸಾಫ್ಟ್‌ವೇರ್ ಜೋಡಿಸುತ್ತದೆ. ನಾಲ್ಕು ಗಂಟೆಯ ಕಾರ್ಯಕ್ರಮ ಒಂದು ಗಂಟೆಯೊಳಗೆ ಸಿದ್ಧವಾಗಬಹುದು, ಒಬ್ಬರ ದನಿ ಹಲವು ನಿಲಯಗಳಲ್ಲಿ ಓಡಬಹುದು. ಹಾಡಿನ ಹೆಸರು, ವೇಳೆ, ನಿಲಯದ ಘೋಷವಾಕ್ಯ ಇಷ್ಟನ್ನೇ ಹೇಳುವ ನಿರೂಪಕರ ಜಾಗ ಅದರಿಂದಲೇ ಕುಗ್ಗಿತು, ಯಂತ್ರದ ದನಿ ಇನ್ನಷ್ಟು ಕುಗ್ಗಿಸುತ್ತದೆ. ಈಗ ಸುರಿಯುತ್ತಿರುವ ಮಳೆಯ ಬಗ್ಗೆ, ಈಗ ಬಂದ ಕರೆಗೆ, ಈಗ ಹೊಳೆದ ಮಾತು ಆಡಬಲ್ಲವರಿಗೆ ಕೆಲಸವಿದೆ. ಸುಲಭದ ಕೆಲಸವಲ್ಲ, ಬಹಳ ಕಡೆ ಖಾಯಂ ನೌಕರಿಯೂ ಅಲ್ಲ. ಕಾರ್ಯಕ್ರಮದ ಲೆಕ್ಕದಲ್ಲಿ ದುಡಿಯುವವರೇ ಹೆಚ್ಚು. ಆದ್ದರಿಂದ ಎಡಿಟಿಂಗ್, ಬರವಣಿಗೆ, ಜಾಹೀರಾತಿಗೆ ದನಿ ಕೊಡುವುದು, ಪಾಡ್‌ಕಾಸ್ಟ್ ನಿರ್ಮಾಣ, ಇವುಗಳಲ್ಲಿ ಕನಿಷ್ಠ ಎರಡು ಕೈಗೆ ಹತ್ತಿರಬೇಕು. ಬೆಳಗಿನ ಆರರ ಕಾರ್ಯಕ್ರಮಕ್ಕೆ ನಾಲ್ಕೂವರೆಗೆ ಸ್ಟುಡಿಯೊ ಸೇರಬೇಕಾಗುತ್ತದೆ, ಹಬ್ಬ ರಜೆ ಎನ್ನದೆ. ಮೊದಲ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ವೇಳಾಪಟ್ಟಿ ನಿಮಗೂ ಮನೆಯವರಿಗೂ ಹೊಂದುತ್ತದೆಯೇ ನೋಡಿಕೊಳ್ಳಿ. ನಿಮ್ಮ ದನಿಯನ್ನು ಯಂತ್ರಕ್ಕೆ ಕಲಿಸಲು ನಿಲಯಕ್ಕೆ ಹಕ್ಕು ಕೊಡುವ ಷರತ್ತು ಒಪ್ಪಂದದಲ್ಲಿ ಇದೆಯೇ ಎಂದೂ ಸಾಲುಸಾಲಾಗಿ ಓದಿ. ಇದ್ದರೆ, ಎಷ್ಟು ಕಾಲಕ್ಕೆ, ಯಾವುದಕ್ಕೆ, ಎಷ್ಟು ಸಂಭಾವನೆಗೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.